ಹಳೆಯ ಸ್ಕ್ಯಾನರ್ ಕೇಳುವ ಪ್ರಶ್ನೆ

ಬೆಳಗಾವಿ ಜಿಲ್ಲೆಯ ಅಕ್ಕೋಳ, ನಿಪ್ಪಾಣಿ, ಚಿಕ್ಕೋಡಿ ಕಡೆಯ ಮನೆಗಳಲ್ಲಿ ರೇಡಿಯೊ ಎಂದರೆ ಬಹುಕಾಲ ಮೂರು ಊರುಗಳ ಹೆಸರು. ಮಧ್ಯಮ ತರಂಗದ 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ, 1251ರಲ್ಲಿ ಸಾಂಗಲಿ, ಎಫ್‌ಎಂ ಬಂದ ಮೇಲೆ 102.7 ಮೆಗಾಹರ್ಟ್ಸ್‌ನಲ್ಲಿ ಕೊಲ್ಹಾಪುರ. ಈ ಅಂಕಿಗಳನ್ನು ಯಾರೂ ಬಾಯಿಪಾಠ ಮಾಡಬೇಕಿರಲಿಲ್ಲ. ಗುಂಡಿ ತಿರುವುತ್ತ ಹೋದರೆ ಮುಳ್ಳು ಎಲ್ಲಿ ನಿಂತಾಗ ಕನ್ನಡ ಬರುತ್ತದೆ, ಎಲ್ಲಿ ಮರಾಠಿ ಬರುತ್ತದೆ ಎಂಬುದು ಕೈಗೇ ರೂಢಿಯಾಗಿರುತ್ತಿತ್ತು. ಇವತ್ತು ಮಾತಿಗೆ ಎತ್ತಿಕೊಂಡಿರುವ ಯಂತ್ರದಲ್ಲಿ ಅಂಥ ಮುಳ್ಳು ಇಲ್ಲ. ಅಂಗಡಿಯ ಗಲ್ಲಾದ ಮುಂದೆ ಅಂಟಿಸಿದ ಹಣ ಕೊಡುವ ಚೌಕವನ್ನೂ ಜನ ಈಗ ಸ್ಕ್ಯಾನರ್ ಎನ್ನುತ್ತಾರೆ. ನಾನು ಹೇಳುತ್ತಿರುವುದು ರೇಡಿಯೊ ಸ್ಕ್ಯಾನರ್. ಇದರ ನೆನಪಿನಲ್ಲಿ ಹತ್ತಾರು, ನೂರಾರು ಕಂಪನಾಂಕಗಳನ್ನು ಕೂಡಿಸಿಟ್ಟರೆ ಒಂದೊಂದನ್ನೂ ಕ್ಷಣಮಾತ್ರ ಮುಟ್ಟಿ ನೋಡುತ್ತದೆ. ಯಾರೂ ಮಾತಾಡುತ್ತಿಲ್ಲವಾದರೆ ಮುಂದಿನದಕ್ಕೆ ಹೋಗುತ್ತದೆ, ಮಾತು ಸಿಕ್ಕಲ್ಲಿ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮತ್ತೆ ಸುತ್ತು ಹೊರಡುತ್ತದೆ. ಏನೂ ತುಂಬದೆ ಇಟ್ಟರೆ ಅದು ಏನನ್ನೂ ಕೇಳಿಸುವುದಿಲ್ಲ. ಯಾವ ಕಂಪನಾಂಕ, ಯಾಕೆ ಎಂದು ಮೊದಲು ನಮ್ಮನ್ನೇ ಕೇಳುತ್ತದೆ.

ಹಳೆಯ ಸ್ಕ್ಯಾನರ್‌ನ ಬೆಲೆ ಇರುವುದು ಈ ಪ್ರಶ್ನೆಯಲ್ಲಿ ಎಂಬುದು ನನ್ನ ವಾದ. ಅದು ಕೇಳಿಸುವ ಮಾತುಗಳು ಬಹುಪಾಲು ನೀರಸ, ಕೆಲವು ಕೇಳಬಾರದವು, ಹಲವು ಈಗ ಕೇಳಲು ಉಳಿದೇ ಇಲ್ಲ. ಆದರೆ ಆ ಯಂತ್ರಕ್ಕೆ ಕಂಪನಾಂಕ ತುಂಬುವ ಕೆಲಸ, ತುಂಬಿದ ಮೇಲೆ ಅದು ಕೊಡುವ ತಪ್ಪು ಉತ್ತರಗಳನ್ನು ಶೋಧಿಸುವ ಕೆಲಸ, ಇವೆರಡೂ ರೇಡಿಯೊ ವಿದ್ಯೆಯನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತವೆ. ಹೊಳೆಯ ದಂಡೆಯಲ್ಲಿರುವ, ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರುಗಳಿಗೆ ಆ ವಿದ್ಯೆ ಶೋಕಿಯ ವಸ್ತುವೂ ಅಲ್ಲ.

ಈ ಯಂತ್ರಗಳು ಬೆಳೆದ ರೀತಿಯನ್ನು ನೋಡಿದರೆ ನನ್ನ ಮಾತಿಗೆ ಮೊದಲ ಆಧಾರ ಸಿಗುತ್ತದೆ. ಅಮೆರಿಕದಲ್ಲಿ 1970ರ ಆಸುಪಾಸಿನಲ್ಲಿ ಮಾರಾಟಕ್ಕಿದ್ದ ಸ್ಕ್ಯಾನರ್‌ಗಳಲ್ಲಿ ಒಂದೊಂದು ಚಾನೆಲ್‌ಗೆ ಒಂದೊಂದು ಸ್ಫಟಿಕದ ತುಂಡು, ಅಂದರೆ ಕ್ರಿಸ್ಟಲ್, ಬೇಕಿತ್ತು. 145 ಮೆಗಾಹರ್ಟ್ಸ್ ಕೇಳಬೇಕೆಂದರೆ 145 ಎಂದು ಬರೆದ ಕ್ರಿಸ್ಟಲ್ ತಂದರೆ ಆಗುತ್ತಿರಲಿಲ್ಲ. ಅಂಥ ಸೆಟ್ಟಿನೊಳಗೆ ಬಂದ ಅಲೆಯನ್ನು ಮೊದಲು 10.7 ಮೆಗಾಹರ್ಟ್ಸ್ ಎಂಬ ಮಧ್ಯಂತರ ಕಂಪನಾಂಕಕ್ಕೆ ಇಳಿಸುತ್ತಾರೆ; ಹಾಗಾಗಿ 145ರಲ್ಲಿ 10.7 ಕಳೆದು 134.3. ಕ್ರಿಸ್ಟಲ್ ತನ್ನ ಮೂಲ ಕಂಪನದ ಮೂರು ಪಟ್ಟಿಗೆ ದುಡಿಯುತ್ತದಾದ್ದರಿಂದ ಅದನ್ನು ಮೂರರಿಂದ ಭಾಗಿಸಬೇಕು. ಉತ್ತರ ಸುಮಾರು 44.767. ಇಷ್ಟು ಲೆಕ್ಕ ಮಾಡದವನಿಗೆ ಒಂದು ಚಾನೆಲ್ ಕೂಡ ಒಲಿಯುತ್ತಿರಲಿಲ್ಲ. ಆ ದಶಕದ ನಡುವಿನಲ್ಲಿ ಬೇರ್‌ಕ್ಯಾಟ್ 101 ಎಂಬ ಸೆಟ್ ಬಂತು. ಅದರಲ್ಲಿ ಕ್ರಿಸ್ಟಲ್‌ಗಳ ಸಾಲು ಹೋಗಿ ಮೇಲೆ ಕೆಳಗೆ ಒತ್ತುವ ಸಣ್ಣ ಸ್ವಿಚ್ಚುಗಳ ಸಾಲು ಕೂತಿತ್ತು. ಬೇಕಾದ ಕಂಪನಾಂಕಕ್ಕೆ ಯಾವ ಸ್ವಿಚ್ ಮೇಲೆ, ಯಾವುದು ಕೆಳಗೆ ಎಂಬುದನ್ನು ಜೊತೆಗೆ ಕೊಟ್ಟ ಕೋಡ್ ಪುಸ್ತಕ ನೋಡಿ ಹಾಕಬೇಕು. ಕಂಪ್ಯೂಟರ್ ಎಂಬುದನ್ನು ಕಣ್ಣಿನಿಂದ ಕಾಣದ ಮನೆಯವನು ಕೂಡ ಸೊನ್ನೆ–ಒಂದರ ಭಾಷೆಯಲ್ಲಿ ಯಂತ್ರಕ್ಕೆ ಆಜ್ಞೆ ಕೊಟ್ಟದ್ದು ಹಾಗೆ. ಬೇರ್‌ಕ್ಯಾಟ್ 210ರ ಹೊತ್ತಿಗೆ ಅಂಕಿಯ ಗುಂಡಿಗಳು ಬಂದವು. ಕಂಪನಾಂಕವನ್ನು ನೇರವಾಗಿ ಒತ್ತಿದರೆ ಸಾಕು. ಇಂದು ಹಳೆಯ ಸೆಟ್ಟುಗಳ ಸಂಗ್ರಾಹಕರು ಹುಡುಕುವ ರಿಯಲಿಸ್ಟಿಕ್ ಪ್ರೊ–2006ರಲ್ಲಿ 400 ನೆನಪುಗಳಿವೆ, 40ರಂತೆ ಹತ್ತು ಕಟ್ಟು. 25ರಿಂದ 520 ಮೆಗಾಹರ್ಟ್ಸ್‌ವರೆಗೆ, ಮತ್ತೆ 760ರಿಂದ 1300ರವರೆಗೆ ಅದಕ್ಕೆ ಕಿವಿ ಇದೆ. ನಡುವಿನ ಭಾಗದಲ್ಲಿ ಕಿವುಡು; ಅದರ ಒಳಗಿನ ಮೊದಲ ಮಧ್ಯಂತರ ಕಂಪನಾಂಕ 600 ಮೆಗಾಹರ್ಟ್ಸ್ ದಾಟಿ ಅಲ್ಲೇ ಕೂತಿದೆ. ಒಂದೊಂದು ಹೆಜ್ಜೆಗೂ ಲೆಕ್ಕದ ಕೆಲಸ ಮನುಷ್ಯನ ಕೈಯಿಂದ ಯಂತ್ರಕ್ಕೆ ಸರಿಯಿತು, ಅನುಕೂಲ ಹೆಚ್ಚಿತು. ಆದರೂ ಪ್ರೊ–2006ರವರೆಗೆ ಆಯ್ಕೆಯ ಹೊಣೆ ಮನುಷ್ಯನಲ್ಲೇ ಉಳಿಯಿತು. ಆ ಕಾರಣಕ್ಕೇ ಕಲಿಯುವವರಿಗೆ ಈ ಕಾಲಘಟ್ಟದ ಸೆಟ್ಟುಗಳು ಹೆಚ್ಚು ಒದಗುತ್ತವೆ ಎನ್ನುತ್ತೇನೆ.

ಅಂಕಿ ಒತ್ತುವುದರಲ್ಲಿ ಕಲಿಯುವುದೇನಿದೆ, ಫೋನ್ ನಂಬರ್ ಒತ್ತಿದ ಹಾಗೆಯೇ ಅಲ್ಲವೇ ಎಂದು ಕೇಳಬಹುದು. ಅಂಕಿಯ ಜೊತೆಗೆ ರೀತಿಯನ್ನೂ ಹೇಳಬೇಕು ಎಂಬಲ್ಲಿ ವ್ಯತ್ಯಾಸ ಶುರುವಾಗುತ್ತದೆ. 102.7ಕ್ಕೆ ಕೊಲ್ಹಾಪುರವನ್ನು ತುಂಬಿ, ರೀತಿಯನ್ನು ಅಗಲದ ಎಫ್‌ಎಂಗೆ ಇಟ್ಟರೆ ಹಾಡು ಹಾಡಾಗಿ ಬರುತ್ತದೆ. ಅದೇ ಕಂಪನಾಂಕದಲ್ಲಿ ಕಿರಿದಾದ ಎಫ್‌ಎಂಗೆ ಬದಲಿಸಿದರೆ ದನಿ ಹರಿದು, ಒಡೆದು, ಉಸಿರುಗಟ್ಟಿದಂತೆ ಕೇಳುತ್ತದೆ. ಪ್ರಸಾರ ಕೇಂದ್ರ ಸಂಗೀತಕ್ಕಾಗಿ ನೂರೈವತ್ತು, ಇನ್ನೂರು ಕಿಲೋಹರ್ಟ್ಸ್ ಜಾಗ ಹಿಡಿಯುತ್ತದೆ. ವಾಕಿಟಾಕಿಯ ಮಾತಿಗೆ ಹದಿನೈದರ ಆಸುಪಾಸು ಸಾಕು. ಬ್ಯಾಂಡ್ ವಿಡ್ತ್ ಎಂಬ ಪಾಠವನ್ನು ಹತ್ತು ಪುಟ ಓದಿ ತಿಳಿಯುವುದೂ ಒಂದೇ, ಈ ಒಂದು ಗುಂಡಿಯನ್ನು ಎರಡು ಸಲ ಒತ್ತಿ ಕೇಳುವುದೂ ಒಂದೇ. ಮೂರನೆಯ ರೀತಿ ಎಎಂ. ವಿಮಾನಗಳ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ ಇಂದಿಗೂ ಎಎಂನಲ್ಲೇ ನಡೆಯುತ್ತದೆ ಎಂದರೆ ಹಲವರಿಗೆ ಆಶ್ಚರ್ಯ. ಎಫ್‌ಎಂ ಇಷ್ಟು ನಿಚ್ಚಳವಾಗಿರುವಾಗ ಹಳೆಯ ರೀತಿಗೆ ಯಾಕೆ ಅಂಟಿಕೊಂಡರು? ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ಸಂಕೇತ ದುರ್ಬಲವಾದದ್ದನ್ನು ಪೂರ್ತಿ ನುಂಗಿಬಿಡುತ್ತದೆ, ಇನ್ನೊಬ್ಬ ಮಾತಾಡಿದ ಸುಳಿವೂ ಸಿಗುವುದಿಲ್ಲ. ಎಎಂನಲ್ಲಿ ಇಬ್ಬರೂ ಬೆರೆತು ಒಂದು ಕೀರಲು ಸದ್ದು ಏಳುತ್ತದೆ. ಆ ಕರ್ಕಶದಿಂದಲೇ ಗೋಪುರದಲ್ಲಿ ಕೂತವರಿಗೆ ಇನ್ನೊಂದು ವಿಮಾನವೂ ಕರೆಯುತ್ತಿದೆ ಎಂದು ತಿಳಿಯುತ್ತದೆ. ಸ್ಕ್ಯಾನರ್ ತುಂಬುವವನು ಪಟ್ಟಿಗೊಂದು, ಅಂದರೆ ಬ್ಯಾಂಡಿಗೊಂದು, ರೀತಿ ಇಡಬೇಕಾಗಿ ಬಂದಾಗಲೇ ಇಂಥ ‘ಯಾಕೆ’ಗಳು ಏಳುವುದು.

ಮುಂದಿನದು ಎಷ್ಟು ತುಂಬಬೇಕೆಂಬ ಪ್ರಶ್ನೆ. 400 ನೆನಪುಗಳಿವೆ ಎಂದು ನಾನೂರನ್ನೂ ತುಂಬುವುದು ಹೊಸಬರ ಸಹಜ ಆಸೆ. ಪ್ರೊ–2006 ಅದರ ಕಾಲಕ್ಕೆ ಬಹಳ ಚುರುಕು, ಸೆಕೆಂಡಿಗೆ 26 ಚಾನೆಲ್ ಸುತ್ತುತ್ತದೆ. ಹಾಗಿದ್ದರೂ ನಾನೂರರ ಒಂದು ಸುತ್ತಿಗೆ ಹದಿನೈದು ಸೆಕೆಂಡು ಬೇಕು. ‘ಬಂದೆ, ಅಲ್ಲೇ ನಿಲ್ಲು’ ಎಂಬಂಥ ವಾಕಿಟಾಕಿ ಮಾತು ಎರಡು ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಯಂತ್ರ ಆ ಚಾನೆಲ್‌ಗೆ ಮರಳುವ ಹೊತ್ತಿಗೆ ಅಲ್ಲಿ ಮಾತು ಆಗಿಹೋಗಿರುತ್ತದೆ. ಇಪ್ಪತ್ತನ್ನಷ್ಟೇ ತುಂಬಿದರೆ ಸುತ್ತು ಒಂದು ಸೆಕೆಂಡಿನೊಳಗೆ ಮುಗಿದು ಆ ಮಾತು ಸಿಗುತ್ತದೆ. ಹೆಚ್ಚು ತುಂಬಿದವನಿಗೆ ಕಡಿಮೆ ಕೇಳುತ್ತದೆ. ಭಾಗಾಕಾರ ಬಲ್ಲ ಶಾಲಾ ಮಗು ಕೂಡ ಈ ಲೆಕ್ಕ ಮಾಡಬಹುದು. ಮಾಡಿದ ಮೇಲೆ ಯಾವ ಇಪ್ಪತ್ತು ಎಂಬ ವಿಚಾರ ತಾನಾಗಿ ಬರುತ್ತದೆ, ಅದಕ್ಕೆ ಉತ್ತರ ಹುಡುಕುವಾಗ ದೇಶ ತನ್ನ ಅಲೆಗಳನ್ನು ಯಾರು ಯಾರಿಗೆ ಹಂಚಿಕೊಟ್ಟಿದೆ ಎಂಬ ಪಟ್ಟಿಯನ್ನು ಓದಲೇಬೇಕಾಗುತ್ತದೆ. 144ರಿಂದ 146 ಮೆಗಾಹರ್ಟ್ಸ್ ಹವ್ಯಾಸಿ ರೇಡಿಯೊದವರದು, ಅಂದರೆ ಹ್ಯಾಮ್‌ಗಳದು, 434ರಿಂದ 438 ಅವರದೇ ಇನ್ನೊಂದು ತುಣುಕು. 27 ಮೆಗಾಹರ್ಟ್ಸ್ ಸುತ್ತಲಿನ ಒಂದು ಕಿರುಪಟ್ಟಿ 5 ವಾಟ್‌ವರೆಗಿನ ಸೆಟ್ಟುಗಳಿಗೆ ಪರವಾನಗಿ ಇಲ್ಲದೆ ಬಿಟ್ಟದ್ದು, 446.0ರಿಂದ 446.2 ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ 2018ರಲ್ಲಿ ಬಿಟ್ಟದ್ದು. ಹೊಲದ ಉತಾರ ಓದಬಲ್ಲ ರೈತ ಈ ಪಟ್ಟಿಯನ್ನು ಸಲೀಸಾಗಿ ಓದಬಲ್ಲ: ಸರ್ವೆ ನಂಬರ್, ಗಡಿ, ಒಡೆಯ, ಸಾಗುವಳಿಯ ಹಕ್ಕು, ಎಲ್ಲವೂ ಇಲ್ಲಿವೆ.

ಇನ್ನು ಪ್ರಯೋಗ. ನನ್ನ ವಾದದ ಗಟ್ಟಿ ಭಾಗ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಳೆಯ ಸ್ಕ್ಯಾನರ್ ಸುಳ್ಳು ಹೇಳುತ್ತದೆ, ಅದೂ ಮೂರು ಬಗೆಯ ಸುಳ್ಳು. ಮೊದಲನೆಯದು ತನ್ನೊಳಗಿನದೇ ಸದ್ದು. ಸೆಟ್ಟಿನೊಳಗೆ ಕಂಪನ ಹುಟ್ಟಿಸುವ ಮಂಡಲಗಳು, ಲೆಕ್ಕ ಮಾಡುವ ಚಿಪ್ಪು ಎಲ್ಲವೂ ಸಣ್ಣ ಸಣ್ಣ ಪ್ರಸಾರ ಕೇಂದ್ರಗಳೇ. ಕೆಲವು ನಿಶ್ಚಿತ ಕಂಪನಾಂಕಗಳಲ್ಲಿ ಯಂತ್ರ ತನ್ನ ದನಿಯನ್ನೇ ಕೇಳಿ ನಿಂತುಬಿಡುತ್ತದೆ. ತಯಾರಕರೇ ಕೈಪಿಡಿಯ ಕೊನೆಯಲ್ಲಿ ಅಂಥ ಕಂಪನಾಂಕಗಳ ಪಟ್ಟಿ ಕೊಡುತ್ತಿದ್ದರು. ಪರೀಕ್ಷೆ ಸುಲಭ: ಏರಿಯಲ್ ಕಿತ್ತುಬಿಡಿ. ಆಗಲೂ ಸಂಕೇತ ಹಾಗೇ ಇದ್ದರೆ ಅದು ಹೊರಗಿನದಲ್ಲ. ಎರಡನೆಯದು ಪ್ರತಿಬಿಂಬ. ಆಗಲೇ ಹೇಳಿದ ಕ್ರಿಸ್ಟಲ್ ಸೆಟ್ಟು 145 ಕೇಳಲು 134.3ರ ಕಂಪನ ಹುಟ್ಟಿಸುತ್ತದೆ. ಎರಡರ ಅಂತರ 10.7. ಆದರೆ 134.3ರಿಂದ ಕೆಳಗಡೆಗೆ 10.7 ದೂರದಲ್ಲಿರುವ 123.6ಕ್ಕೂ ಅದೇ ಅಂತರವಿದೆ. ಯಂತ್ರಕ್ಕೆ ಕಾಣುವುದು ಅಂತರ ಮಾತ್ರ. ಮುಂಬಾಗಿಲಲ್ಲಿ ಒಳ್ಳೆಯ ಫಿಲ್ಟರ್ ಇಲ್ಲದಿದ್ದರೆ ವಿಮಾನದ ಪಟ್ಟಿಯ ಸಂಕೇತ ಹವ್ಯಾಸಿಗಳ ಕಂಪನಾಂಕದಲ್ಲಿ ಬಂದು ಕೂರುತ್ತದೆ. ಕೇಳಿಸಿದ ಜಾಗದಿಂದ 21.4 ಮೆಗಾಹರ್ಟ್ಸ್ ದೂರ ಹೋಗಿ ನೋಡಿ, ಅಲ್ಲಿ ಅದೇ ಸಂಕೇತ ಇನ್ನೂ ಬಲವಾಗಿದ್ದರೆ ಮೊದಲು ಕೇಳಿದ್ದು ನೆರಳು. ಮೂರನೆಯ ಸುಳ್ಳು ಬೆರಕೆಯದು. ಹತ್ತಿರದಲ್ಲಿ ಎರಡು ಬಲವಾದ ಕೇಂದ್ರಗಳಿದ್ದರೆ ಸೆಟ್ಟಿನ ಮೊದಲ ಹಂತ ಅವುಗಳ ಭಾರ ತಾಳದೆ ಎರಡನ್ನೂ ಕಲಸಿ, ಎಲ್ಲೂ ಇಲ್ಲದ ಮೂರನೆಯದನ್ನು ಹುಟ್ಟಿಸುತ್ತದೆ. ಇದನ್ನು ಹಿಡಿಯುವ ಉಪಾಯ ಸೊಗಸಾಗಿದೆ. ಬರುವ ಸಂಕೇತವನ್ನು ಹತ್ತು ಡೆಸಿಬೆಲ್ ಕುಗ್ಗಿಸುವ ಅಟೆನ್ಯುಯೇಟರ್ ಗುಂಡಿ ಒತ್ತಿ. ನಿಜವಾದ ಕೇಂದ್ರ ಹತ್ತೇ ಡೆಸಿಬೆಲ್ ಕುಗ್ಗುತ್ತದೆ. ಬೆರಕೆಯದು ಮೂವತ್ತು ಕುಗ್ಗಿ ಮಾಯವಾಗುತ್ತದೆ.

ಹೀಗೆ ಸುಳ್ಳು ಹೇಳುವ ಯಂತ್ರವನ್ನು ಕಲಿಕೆಗೆ ಯಾಕೆ ಕೊಡಬೇಕು, ಸರಿಯಾಗಿ ಕೇಳಿಸುವುದನ್ನೇ ಕೊಡಬಾರದೇ? ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ನಾವು ಕೊಡುವ ಉಪಕರಣಗಳು ಸಾಮಾನ್ಯವಾಗಿ ಪುಸ್ತಕದ ಉತ್ತರವನ್ನೇ ಕೊಡುವಂತೆ ಮೊದಲೇ ಪಳಗಿರುತ್ತವೆ. ಉತ್ತರ ಬಂತು, ವಹಿಯಲ್ಲಿ ಬರೆದರು, ಸಹಿ ಆಯಿತು. ಸ್ಕ್ಯಾನರ್ ಮುಂದೆ ಕೂತವನು ಕೇಳಿದ್ದನ್ನು ಕೂಡಲೇ ನಂಬುವಂತಿಲ್ಲ. ಏರಿಯಲ್ ಕಿತ್ತು ನೋಡಬೇಕು, 21.4 ದೂರ ಹೋಗಿ ನೋಡಬೇಕು, ಕುಗ್ಗಿಸಿ ನೋಡಬೇಕು. ಮೂರೂ ಪರೀಕ್ಷೆ ದಾಟಿದ ಮೇಲೆಯೇ ‘ಇದು ಇದೆ’ ಎನ್ನಬೇಕು. ಇದಕ್ಕೆ ಬೇಕಾದ ಗಣಿತ ಕೂಡು–ಕಳೆಯಿಂದ ಮೇಲೆ ಹೋಗುವುದಿಲ್ಲ.

ಅಕ್ಕೋಳದಂಥ ಜಾಗದಲ್ಲಿ ಇನ್ನೊಂದು ಪಾಠ ನೆಲವೇ ಕಲಿಸುತ್ತದೆ. ಈ ಎತ್ತರದ ಕಂಪನಾಂಕದ ಅಲೆಗಳು ಹೆಚ್ಚುಕಡಿಮೆ ನೇರ ಸಾಗುತ್ತವೆ, ಭೂಮಿಯ ಬಾಗನ್ನು ಸ್ವಲ್ಪವೇ ಅನುಸರಿಸುತ್ತವೆ. ಏರಿಯಲ್‌ನ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅದರ ಕಣ್ಣಳತೆ ಕಿಲೋಮೀಟರಿನಲ್ಲಿ ಸಿಗುತ್ತದೆ. ಮಾಳಿಗೆಯ ಮೇಲೆ 9 ಮೀಟರ್ ಎತ್ತರದ ಏರಿಯಲ್‌ಗೆ 12 ಕಿಲೋಮೀಟರ್ ಚಿಲ್ಲರೆ. ಆ ಕಡೆ 100 ಮೀಟರ್ ಗೋಪುರವಿದ್ದರೆ ಅದಕ್ಕೆ 41. ಎರಡೂ ಕೂಡಿ 53 ಕಿಲೋಮೀಟರ್. ಅಕ್ಕೋಳ ವೇದಗಂಗೆಯ ಬಯಲಿನಲ್ಲಿದೆ. ಉತ್ತರಕ್ಕೆ ಕೊಲ್ಹಾಪುರದ ಕಡೆ ನೆಲ ತೆರೆದಿದೆ, ದಕ್ಷಿಣಕ್ಕೆ ಬೆಳಗಾವಿಯ ದಾರಿಯಲ್ಲಿ ಸ್ತವನಿಧಿಯ ಬಳಿ ತವಂದಿ ಘಾಟಿನ ಗುಡ್ಡ ಅಡ್ಡ ನಿಂತಿದೆ. ಜಿಲ್ಲಾ ಕೇಂದ್ರಕ್ಕಿಂತ ನೆರೆ ರಾಜ್ಯದ ಎಫ್‌ಎಂ ಈ ಊರುಗಳಿಗೆ ಸಲೀಸಾಗಿ ಬರುವುದರ ಹಿಂದೆ ರಾಜಕೀಯಕ್ಕಿಂತ ಹೆಚ್ಚಾಗಿ ಈ ಗುಡ್ಡವೂ ಈ ವರ್ಗಮೂಲವೂ ಇವೆ. ಮಧ್ಯಮ ತರಂಗದ ಧಾರವಾಡ ಮಾತ್ರ ನೆಲಕ್ಕೆ ಅಂಟಿಕೊಂಡು ಗುಡ್ಡ ಸುತ್ತಿ ಬರುತ್ತದೆ. ಗಡಿಯ ಗಲಾಟೆ ಎದ್ದಾಗಲೆಲ್ಲ ಇಲ್ಲಿಯ ಮನೆಗಳಲ್ಲಿ ಯಾವ ಭಾಷೆಯ ರೇಡಿಯೊ ಹಾಡುತ್ತದೆಂದು ಲೆಕ್ಕ ಹಾಕುವವರು ಅಲೆಗಳ ಈ ಸ್ವಭಾವವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇದೇ ಸೂತ್ರ ಮೇಲಕ್ಕೆ ನೋಡಿದಾಗ ಬೆರಗು ಹುಟ್ಟಿಸುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 400 ಕಿಲೋಮೀಟರಿಗೂ ಮೇಲೆ ಸುತ್ತುತ್ತದೆ. ಅಷ್ಟು ಎತ್ತರದಿಂದ ಅದರ ಕಣ್ಣಳತೆ ಎರಡು ಸಾವಿರ ಕಿಲೋಮೀಟರ್ ದಾಟುತ್ತದೆ. ಅದರ ಹವ್ಯಾಸಿ ರೇಡಿಯೊ ಕೆಳಗೆ ಮಾತಾಡುವುದು 145.800 ಮೆಗಾಹರ್ಟ್ಸ್‌ನಲ್ಲಿ, ಕಿರಿದಾದ ಎಫ್‌ಎಂನಲ್ಲಿ, ಅಂದರೆ ಮೂವತ್ತು ನಲವತ್ತು ವರ್ಷ ಹಳೆಯ ಸ್ಕ್ಯಾನರ್ ಸರಾಗವಾಗಿ ಕೇಳಬಲ್ಲ ಜಾಗದಲ್ಲಿ. ಆದರೆ 145.800 ಎಂದು ಒಂದನ್ನೇ ತುಂಬಿದವನಿಗೆ ಪೂರ್ತಿ ಫಲ ಸಿಗುವುದಿಲ್ಲ. ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ವೇಗವಾಗಿ ಓಡುವುದರಿಂದ ಹತ್ತಿರ ಬರುವಾಗ ಕಂಪನಾಂಕ ಸುಮಾರು ಮೂರೂವರೆ ಕಿಲೋಹರ್ಟ್ಸ್ ಏರಿರುತ್ತದೆ, ದೂರ ಸರಿಯುವಾಗ ಅಷ್ಟೇ ಇಳಿಯುತ್ತದೆ. ಹಳೆಯ ಸೆಟ್ಟಿನ ಹೆಜ್ಜೆ 5 ಕಿಲೋಹರ್ಟ್ಸ್. ಆದ್ದರಿಂದ ಮೂರು ನೆನಪುಗಳಲ್ಲಿ 145.805, 145.800, 145.795 ಎಂದು ತುಂಬಿ, ದಿಗಂತದಿಂದ ಏಳುವಾಗ ಮೊದಲನೆಯದು, ತಲೆಯ ಮೇಲೆ ಬಂದಾಗ ನಡುವಿನದು, ಮುಳುಗುವಾಗ ಕೊನೆಯದು ಹಿಡಿದರೆ ದನಿ ಹೆಚ್ಚು ನಿಚ್ಚಳ. ಡಾಪ್ಲರ್ ಪರಿಣಾಮವನ್ನು ದೂರ ಹೋಗುವ ರೈಲಿನ ಸೀಟಿಯಿಂದ ವಿವರಿಸುವ ಪಠ್ಯಪುಸ್ತಕಗಳಿಗೆ ಈ ಮೂರು ಅಂಕಿಗಳನ್ನು ಸೇರಿಸಬಹುದು. ಕನ್ನಡನಾಡಿಗೆ ಈ ಪಟ್ಟಿ ಅಪರಿಚಿತವೇನಲ್ಲ. ಇಸ್ರೊ ಹವ್ಯಾಸಿಗಳಿಗಾಗಿಯೇ ಕಟ್ಟಿದ 42.5 ಕಿಲೊ ತೂಕದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಕಾರ್ಟೊಸ್ಯಾಟ್–1ರ ಜೊತೆ ಏರಿ, 2014ರವರೆಗೆ 145.9ರ ಆಸುಪಾಸಿನಲ್ಲಿ ಜಗತ್ತಿನ ಹವ್ಯಾಸಿಗಳ ದನಿಯನ್ನು ಕೆಳಗಿಳಿಸಿತು. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಮಾತಾಡಿದ್ದು ಹ್ಯಾಮ್ ರೇಡಿಯೊ ಮೂಲಕವೇ.

ಈಗ ಆಕ್ಷೇಪಗಳಿಗೆ ಬರೋಣ. ಎಲ್ಲಕ್ಕಿಂತ ಬಲವಾದದ್ದು ಇದು: 2012ರಲ್ಲಿ ಹೊಸ ದಾರಿಯೊಂದು ತೆರೆಯಿತಲ್ಲ, ಟಿವಿ ನೋಡಲೆಂದು ಮಾಡಿದ ಬೆರಳುದ್ದದ ಯುಎಸ್‌ಬಿ ಡಾಂಗಲ್ ಒಂದನ್ನು ಕಂಪ್ಯೂಟರಿಗೆ ಚುಚ್ಚಿದರೆ ಎರಡು ಮೆಗಾಹರ್ಟ್ಸ್‌ಗೂ ಅಗಲದ ಪಟ್ಟಿ ಪರದೆಯ ಮೇಲೆ ಒಮ್ಮೆಗೇ ಜಲಪಾತದ ಹಾಗೆ ಇಳಿಯುತ್ತದೆ, ಎಲ್ಲಿ ಸಂಕೇತವಿದೆಯೋ ಅಲ್ಲಿ ಗೆರೆ ಬೆಳಗುತ್ತದೆ. ಹಳೆಯ ಡಬ್ಬಿಗೆ ಒಂದೊಂದೇ ಅಂಕಿ ತುಂಬುತ್ತ ಕೂರುವುದೇಕೆ? ಅಳತೆಗೆ ಸಿಗುವ ಹಲವು ವಿಷಯಗಳಲ್ಲಿ ಆ ಡಾಂಗಲ್ ಮುಂದಿದೆ, ಇದನ್ನು ಒಪ್ಪಲೇಬೇಕು. ಹವಾಮಾನ ಉಪಗ್ರಹಗಳನ್ನೇ ನೋಡಿ. 137 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ನೋವಾ ಉಪಗ್ರಹಗಳು ಚಿತ್ರ ಕಳಿಸುತ್ತಿದ್ದಾಗ ಸ್ಕ್ಯಾನರ್‌ನಲ್ಲಿ ಹಿಡಿಯುವುದು ಪಡಿಪಾಟಲು. ಕಿರಿದಾದ ಎಫ್‌ಎಂ ಚಿತ್ರದ ಅಂಚು ಕತ್ತರಿಸುತ್ತಿತ್ತು, ಅಗಲದ ಎಫ್‌ಎಂ ಗದ್ದಲ ತುಂಬುತ್ತಿತ್ತು, ನಡುವಿನ ಅಗಲದ ಫಿಲ್ಟರನ್ನು ಬೆಸುಗೆ ಹಾಕಿ ಕೂರಿಸಬೇಕಿತ್ತು. ಡಾಂಗಲ್‌ನಲ್ಲಿ ಅಗಲವನ್ನು ಮೌಸ್ ಹಿಡಿದು ಎಳೆದರೆ ಆಯಿತು. ಆ ಹಳೆಯ ಸರಣಿಯ ಕೊನೆಯ ಉಪಗ್ರಹಗಳನ್ನು 2025ರಲ್ಲಿ ಮುಚ್ಚಿದರು. ಈಗ ಆ ಪಟ್ಟಿಯಲ್ಲಿ ಉಳಿದಿರುವ ರಷ್ಯಾದ ಮೆಟಿಯೋರ್ ಉಪಗ್ರಹಗಳು ಡಿಜಿಟಲ್, ಸ್ಕ್ಯಾನರ್‌ಗೆ ಅವು ಬರೀ ಗೊರಗೊರ. ಆದರೂ ಬೆಳಗಿದ ಗೆರೆಯ ಮೇಲೆ ಒತ್ತುವವನಿಗೆ ಅದು ಏನು, ಯಾರದು, ಯಾವ ರೀತಿಯದು ಎಂದು ತಿಳಿದಿರಬೇಕೆಂಬ ಒತ್ತಾಯವಿಲ್ಲ. ಒತ್ತಿದ, ಕೇಳಿದ, ಮುಂದೆ ಹೋದ. ನನ್ನ ಸಲಹೆ ಎರಡನ್ನೂ ಅಕ್ಕಪಕ್ಕ ಇಡುವುದು: ಸ್ಕ್ಯಾನರ್‌ನಲ್ಲಿ ಊಹಿಸಿ ತುಂಬಿ, ಡಾಂಗಲ್‌ನಲ್ಲಿ ಊಹೆ ಸರಿಯೇ ಎಂದು ನೋಡಿ. ಅದೂ ಅಗ್ಗದ ಯಂತ್ರವೇ ಆದ್ದರಿಂದ ನೆರಳು, ಬೆರಕೆಗಳು ಅದರಲ್ಲೂ ಧಾರಾಳವಾಗಿವೆ. ಸ್ಕ್ಯಾನರ್‌ನಲ್ಲಿ ಪಳಗಿದವನು ಅವನ್ನು ಪರದೆಯ ಮೇಲೆ ನೋಡಿದ ಕೂಡಲೇ ಗುರುತಿಸುತ್ತಾನೆ.

ಎರಡನೆಯ ಆಕ್ಷೇಪ ಕಾನೂನಿನದು. ಅದನ್ನು ಜಾರಿಸಿ ಮಾತಾಡುವ ಹವ್ಯಾಸಿಗಳ ಚಾಳಿ ನನಗೆ ಸರಿಕಾಣುವುದಿಲ್ಲ. 1933ರ ನಿಸ್ತಂತು ಕಾಯ್ದೆ ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ರೇಡಿಯೊ ಲೈಸೆನ್ಸ್ ಪುಸ್ತಕ ಮಾಡಿಸುತ್ತಿದ್ದ ದಿನಗಳು ಹಿರಿಯರಿಗೆ ನೆನಪಿರುತ್ತವೆ. 1980ರ ದಶಕದಲ್ಲಿ ಪ್ರಸಾರ ಕೇಳುವ ಸೆಟ್ಟುಗಳಿಗೆ ಆ ಹೊರೆ ಇಳಿಯಿತು. ಆ ವಿನಾಯಿತಿ ಆಕಾಶವಾಣಿ ಕೇಳುವ ಸೆಟ್ಟಿಗೆ ಸಿಕ್ಕದ್ದು. ಪೊಲೀಸ್, ವಿಮಾನ, ಸೇನೆಯ ಕಂಪನಾಂಕಗಳಿಗೆ ತಿರುಗಬಲ್ಲ ಸ್ಕ್ಯಾನರ್‌ಗೆ ಅದು ತಾನಾಗಿ ಅನ್ವಯಿಸುವುದಿಲ್ಲ. 2023ರ ದೂರಸಂಪರ್ಕ ಕಾಯ್ದೆ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿದೆ, ಇನ್ನೊಬ್ಬರ ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದರೆ ಮೂರು ವರ್ಷದವರೆಗೆ ಸೆರೆ, ಎರಡು ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ಅಮೆರಿಕದಲ್ಲಿ ಮನೆಮನೆಗೂ ಸ್ಕ್ಯಾನರ್ ಮಾರಿದ ಕಾಲದಲ್ಲೂ ಮಿತಿ ಇತ್ತು. ಆಗಿನ ಮೊಬೈಲ್ ಫೋನುಗಳ ಮಾತು ಬಿಚ್ಚುಮಾತಾಗಿ 800 ಮೆಗಾಹರ್ಟ್ಸ್ ಮೇಲೆ ಹರಿಯುತ್ತಿದ್ದುದರಿಂದ 1986ರ ಕಾನೂನು ಅದನ್ನು ಕೇಳುವುದನ್ನು ನಿಷೇಧಿಸಿತು, 1994ರಿಂದ ಆ ಪಟ್ಟಿ ಕೇಳುವ ಸ್ಕ್ಯಾನರ್ ತಯಾರಿಕೆಯೇ ನಿಂತಿತು. ಪ್ರೊ–2006ರೊಳಗಿನ ಒಂದು ಡಯೋಡ್ ಕತ್ತರಿಸಿದರೆ ಮುಚ್ಚಿದ ಪಟ್ಟಿ ತೆರೆದುಕೊಳ್ಳುತ್ತಿತ್ತು, ಅನೇಕರು ಕತ್ತರಿಸಿದರು ಕೂಡ. ಅದನ್ನು ಪ್ರಯೋಗವೆಂದು ಹೊಗಳುವವರಿದ್ದಾರೆ. ಪಕ್ಕದ ಮನೆಯವರ ಫೋನ್ ಮಾತಿಗೆ ಕಿವಿಗೊಡಲು ಕತ್ತರಿ ಹಿಡಿಯುವುದರಲ್ಲಿ ಯಾವ ವಿದ್ಯೆಯೂ ಬೆಳೆಯಲಿಲ್ಲ ಎಂಬುದು ನನ್ನ ತೀರ್ಮಾನ. ಆದ್ದರಿಂದ ನಮ್ಮಲ್ಲಿ ಕ್ರಮ ಹೀಗಿರಲಿ: ಮೊದಲು ಹವ್ಯಾಸಿ ರೇಡಿಯೊ ಪರವಾನಗಿ, ಅನಂತರ ಸ್ಕ್ಯಾನರ್, ನೆನಪಿನಲ್ಲಿ ಪ್ರಸಾರ ಕೇಂದ್ರಗಳು, ಹವ್ಯಾಸಿಗಳ ಪಟ್ಟಿ, ಬಾಹ್ಯಾಕಾಶ ನಿಲ್ದಾಣ. ಇವಿಷ್ಟರಲ್ಲೇ ಮೇಲೆ ಹೇಳಿದ ಪ್ರಯೋಗಗಳೆಲ್ಲ ನಡೆಯುತ್ತವೆ, ಒಂದು ಅಕ್ಷರ ಕದಿಯಬೇಕಾಗಿಲ್ಲ.

ಮೂರನೆಯದು ಊರಿನವರ ನೇರ ಪ್ರಶ್ನೆ: ಹೊಳೆ ಬಂದಾಗ ಇದರಿಂದ ಏನು ಉಪಯೋಗ? ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ವೇದಗಂಗೆಯ ಮೇಲಿನ ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ ಸೇತುವೆಗಳು, ದೂಧಗಂಗೆಯ ಮೇಲಿನ ಮಲಿಕವಾಡ–ದತ್ತವಾಡ, ಕೃಷ್ಣೆಯ ಮೇಲಿನ ಕಲ್ಲೋಳ–ಯಡೂರ ಸೇತುವೆ ಮುಳುಗುವುದು ಮಳೆಗಾಲದ ವಾಡಿಕೆ. 2005, 2019, 2021ರ ಹೊಳೆ ಇನ್ನೂ ಯಾರಿಗೂ ಮರೆತಿಲ್ಲ. ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಅಂಕಿಗಾಗಿ ಆಗ ಎಲ್ಲರೂ ಫೋನ್ ನೋಡುತ್ತಾರೆ. ಸದಲಗಾದಲ್ಲಿ ದೂಧಗಂಗೆಯನ್ನು ಅಳೆಯಲು ಕೇಂದ್ರ ಜಲ ಆಯೋಗದ ಠಾಣೆಯೇ ಇದೆ. ಇಂಥ ಹೊತ್ತಿನಲ್ಲಿ ಸ್ಕ್ಯಾನರ್ ಜೀವ ಉಳಿಸುತ್ತದೆ ಎಂದು ಹೇಳಿದರೆ ಅದು ಉತ್ಪ್ರೇಕ್ಷೆ. ಅದು ಕೇಳುವ ಯಂತ್ರ, ಒಂದು ಮಾತನ್ನೂ ಹೊರಗೆ ಕಳಿಸಲಾರದು. ರಕ್ಷಣಾ ತಂಡದವರ ಅರ್ಧ ಮಾತು ಕೇಳಿ ವಾಟ್ಸಾಪಿಗೆ ಹಾಕುವವನು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತಾನೆ. ಉಪಯೋಗ ಇರುವುದು ಯಂತ್ರ ಪಳಗಿಸಿದ ಮನುಷ್ಯನಲ್ಲಿ. ಕರೆಂಟ್ ಹೋಗಿ ಗೋಪುರಗಳ ಬ್ಯಾಟರಿ ತೀರಿದ ಮೇಲೆ ಮೊಬೈಲ್ ಮೂಕವಾಗುತ್ತದೆ; ಆಗ ಹನ್ನೆರಡು ವೋಲ್ಟ್ ಬ್ಯಾಟರಿಯ ಮೇಲೆ ನಡೆಯುವ ಎರಡು ಹವ್ಯಾಸಿ ಸೆಟ್ಟುಗಳು ಹೊಳೆಯ ಎರಡು ದಂಡೆಗಳನ್ನು ಜೋಡಿಸಬಲ್ಲವು. 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನನ್ನು ಕಡಿದುಹಾಕಿದಾಗ ಪೋರ್ಟ್‌ಬ್ಲೇರಿನಲ್ಲಿ ಹವ್ಯಾಸಿ ಪ್ರಯೋಗಕ್ಕೆಂದು ಹೋಗಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡದವರ ರೇಡಿಯೊ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಅವರು ಅಲ್ಲಿಗೆ ವಿಪತ್ತು ನಿರ್ವಹಣೆಗೆ ಹೋದವರಲ್ಲ. ಆದರೆ ಏರಿಯಲ್ ಎಲ್ಲಿ ಕಟ್ಟಬೇಕು, ಯಾವ ಹೊತ್ತಿಗೆ ಯಾವ ಪಟ್ಟಿ ತೆರೆಯುತ್ತದೆ, ಯಾವುದು ಸಂಕೇತ ಯಾವುದು ನೆರಳು ಎಂಬುದು ಅವರ ಕೈಗೆ ಮೊದಲೇ ಬಂದಿತ್ತು. ಆ ಕೈಚಳಕವನ್ನು ಹೊಳೆ ಏರಿದ ದಿನ ತರಬೇತಿ ಕೊಟ್ಟು ಬರಿಸಲಾಗುವುದಿಲ್ಲ. ಏರದ ಹತ್ತು ತಿಂಗಳುಗಳಲ್ಲಿ ಬರಬೇಕು.

ದುಡ್ಡಿನ ಮಾತೂ ಬರುತ್ತದೆ, ಅದನ್ನು ಬೇಗ ಮುಗಿಸಬಹುದು. ಪ್ರೊ–2006ನಂಥ ಸೆಟ್ಟು ನಮ್ಮ ಊರಿನ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಹೊರದೇಶದಿಂದ ತರಿಸಲು ಹೊರಟರೆ ಪರವಾನಗಿ, ಸುಂಕ ಎಂದು ತಲೆನೋವು. ಆದರೆ ಈ ಪಾಠಕ್ಕೆ ಅದೇ ಮಾದರಿ ಬೇಕೆಂದೇನಿಲ್ಲ. ಪರವಾನಗಿ ಪಡೆದವರ ಕೈಯಲ್ಲಿರುವ ಹಳೆಯ ಹವ್ಯಾಸಿ ಸೆಟ್ಟುಗಳಲ್ಲೂ ನೆನಪು, ಹೆಜ್ಜೆ, ರೀತಿ, ಗದ್ದಲ ತಡೆಯುವ ಸ್ಕ್ವೆಲ್ಚ್ ಎಲ್ಲವನ್ನೂ ಗುಂಡಿ ಒತ್ತಿ ತುಂಬಬೇಕು. ಸಣ್ಣ ಯಂತ್ರದಿಂದ ದೊಡ್ಡದು ಬೆಳೆದದ್ದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. 1935ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ್ದು 30 ವಾಟ್‌ನ ಪುಟ್ಟ ಯಂತ್ರದಿಂದ. ಆ ಹವ್ಯಾಸದ ಮೇಜಿನಿಂದ ಎದ್ದ ನಿಲಯಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೊ ಹೊತ್ತುಕೊಂಡಿತು.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆದಂಡೆಯ ಪ್ರೌಢಶಾಲೆ, ಕಾಲೇಜುಗಳ ವಿಜ್ಞಾನ ಶಿಕ್ಷಕರಲ್ಲಿ ನನ್ನ ಬಿನ್ನಹ ಇಷ್ಟು: ನಿಮ್ಮಲ್ಲಿ ಒಬ್ಬರಾದರೂ ಕೇಂದ್ರ ಸರ್ಕಾರ ನಡೆಸುವ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಅರ್ಜಿ ಹಾಕಿ, ಆಸಕ್ತಿಯಿರುವ ಮಕ್ಕಳಿಂದಲೂ ಹಾಕಿಸಿ. ಕೆಳಗಿನ ದರ್ಜೆಯ ಪರವಾನಗಿಗೆ ಮೋರ್ಸ್ ಸಂಕೇತ ಕಲಿತಿರಬೇಕಾಗಿಲ್ಲ. ಸ್ವಲ್ಪ ವಿದ್ಯುತ್ ಸಿದ್ಧಾಂತ, ಸ್ವಲ್ಪ ನಿಯಮಾವಳಿ ಸಾಕು. ಪರೀಕ್ಷೆಗೆ ಕೂರಲು ಬೇಕಾದ ಕನಿಷ್ಠ ವಯಸ್ಸು 12.